ಮೂರನೇ ಸಂಜೆಯ ಮೂರನೇ ಚರಣ

ಆ ಹುಡುಗನಿಗೆ ಪ್ರೀತಿ ಮಾಡಲು ಬರುವುದಿಲ್ಲ ಎಂದು ಕತ್ತರಿ ಅಕ್ಕ ಮೊದಲ ವಾರದಲ್ಲೇ ತೀರ್ಮಾನಿಸಿಬಿಟ್ಟಿದ್ದಳು. ಹುಡುಗ ಲಕ್ಷಣವಾಗಿದ್ದ, ಮಾತು ಸ್ಪಷ್ಟವಾಗಿತ್ತು, ಎಷ್ಟು ಓಡಾಡಿದರೂ ಅಂಗಿಯ ಇಸ್ತ್ರಿ ಕೆಡುತ್ತಿರಲಿಲ್ಲ. ಎಲ್ಲ ಸರಿ. ಆದರೆ ನಾಯಕಿಯ ಕಡೆ ನೋಡು ಎಂದರೆ ಮಾತ್ರ ಕರೆಂಟಿನ ಮೀಟರು ಓದಲು ಬಂದವನ ಹಾಗೆ ನೋಡುತ್ತಿದ್ದ. ನಾಯಕಿಯೂ ಏನು ಕಮ್ಮಿಯಿಲ್ಲ. ಚಿತ್ರೀಕರಣದ ಮೊದಲ ದಿನ ಯಾವುದೋ ಕುರ್ಚಿಯ ವಿಷಯಕ್ಕೆ ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಅಲ್ಲಿಂದ ಮುಂದೆ ಅವಳು ಪ್ರೇಮದ ಮಾತನ್ನೆಲ್ಲ ಅವನ ಭುಜದ ಹಿಂದಿನ ಗಾಳಿಗೆ ಹೇಳಿದ್ದಳು. ಇಂಥ ಇಬ್ಬರನ್ನು ಒಂದೂವರೆ ಗಂಟೆಯೊಳಗೆ ಒಬ್ಬರಿಗೊಬ್ಬರು ಜೀವ ಬಿಡುವ ಹಾಗೆ ಮಾಡುವ ಕೆಲಸ ಕತ್ತರಿ ಅಕ್ಕನ ಕೊರಳಿಗೆ ಬಿದ್ದಿತ್ತು.

ಅವಳು ಸಿನಿಮಾ ಎಡಿಟರು. ಸಿನಿಮಾ ಇನ್ನೂ ರೀಲಿನಲ್ಲಿದ್ದ ಕಾಲಕ್ಕೆ ನಿಜವಾದ ಕತ್ತರಿ ಹಿಡಿದು ಕೆಲಸ ಕಲಿತವಳು. ಈಗ ರೀಲೂ ಇಲ್ಲ, ಕತ್ತರಿಯೂ ಇಲ್ಲ, ಎಲ್ಲವೂ ಕಂಪ್ಯೂಟರಿನ ಹೊಟ್ಟೆಯೊಳಗೆ ಸೇರಿಕೊಂಡಿದೆ. ಹೆಸರು ಮಾತ್ರ ಅವಳನ್ನು ಬಿಟ್ಟು ಹೋಗಿರಲಿಲ್ಲ. ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಅವಳ ಕೋಣೆ. ಕಿಟಕಿಗೆ ದಪ್ಪ ಕಪ್ಪು ಬಟ್ಟೆ, ಮೇಜಿನ ಮೇಲೆ ಎರಡು ಪರದೆ, ಗೋಡೆಗೊಂದು ದೊಡ್ಡ ಪರದೆ, ಹಿಂದೆ ಒಂದು ಸೋಫಾ. ಆ ಸೋಫಾದ ನಡುವೆ ಒಂದು ಹಳ್ಳ ಬಿದ್ದಿತ್ತು. ಸಿನಿಮಾ ಕೈ ಮೀರಿತು ಅನ್ನಿಸಿದಾಗ ನಿರ್ದೇಶಕರು ಬಂದು ಮಲಗಿ ಮಲಗಿ ಆದ ಹಳ್ಳ ಅದು. ಕೆಳಗೆ ಬೀಗದ ಕೈ ಮಾಡುವ ಅಂಗಡಿ. ದಿನವಿಡೀ ಕಿರ್ರೋ ಎಂದು ಉಜ್ಜುವ ಸದ್ದು ನೆಲದಿಂದ ಮೇಲೆ ಬರುತ್ತಿತ್ತು.

ಸದ್ಯ ಆ ಹಳ್ಳದಲ್ಲಿ ಬಿದ್ದುಕೊಂಡಿದ್ದವನು ಮೂವತ್ತು ದಾಟದ ಒಬ್ಬ ನಿರ್ದೇಶಕ. ಇದು ಅವನ ಮೊದಲ ಸಿನಿಮಾ. ಅವನ ತಲೆಗೆ ಹೊಳೆದ ಉಪಾಯ ಏನೋ ಚೆನ್ನಾಗಿಯೇ ಇತ್ತು. ಬೇಸಿಗೆಯಲ್ಲಿ ಊರ ಮೈದಾನದಲ್ಲಿ ಮೂರು ಸಂಜೆ ಒಬ್ಬ ಹಿರಿಯ ಹಾಡುಗಾರ್ತಿಯ ಕಛೇರಿ. ಸಾವಿರಾರು ಜನ. ಆ ಜನರ ನಡುವೆ ತನ್ನ ಇಬ್ಬರು ನಟರನ್ನು ತಂದು ಕೂರಿಸುವುದು. ಹುಡುಗ ಮೈದಾನದಲ್ಲಿ ದೀಪ ಕಟ್ಟುವವನು, ಹುಡುಗಿ ರಜೆಗೆಂದು ಚಿಕ್ಕಮ್ಮನ ಮನೆಗೆ ಬಂದವಳು. ಮೊದಲ ಸಂಜೆ ಕಣ್ಣು ಕಣ್ಣು ಸೇರುತ್ತದೆ, ಎರಡನೇ ಸಂಜೆ ಮಾತು, ಮೂರನೇ ಸಂಜೆ ಕೊನೆಯ ಹಾಡು ಮುಗಿಯುವುದರೊಳಗೆ ಅವಳು ಊರಿಗೆ ಹೊರಡುತ್ತಾಳೋ ಉಳಿಯುತ್ತಾಳೋ ಎನ್ನುವುದು ತೀರ್ಮಾನವಾಗಬೇಕು.

"ಹಾಡು ನಿಜ, ಜನ ನಿಜ, ಬೆವರು ನಿಜ ಅಕ್ಕ. ಪ್ರೀತಿ ಒಂದೇ ಸುಳ್ಳು," ಎಂದು ಅವನು ಮೊದಲ ದಿನ ಹೆಮ್ಮೆಯಿಂದ ಹೇಳಿದ್ದ.

"ಅದು ಸುಳ್ಳು ಅಂತ ದೂರದಿಂದಲೇ ಗೊತ್ತಾಗ್ತಿದೆಯಲ್ಲೋ ತಮ್ಮ, ಅದೇ ತಾಪತ್ರಯ," ಎಂದಿದ್ದಳು ಕತ್ತರಿ ಅಕ್ಕ.

ತಾಪತ್ರಯ ಒಂದೆರಡಲ್ಲ. ಕಛೇರಿ ಮುಗಿದು ಹದಿನೈದು ದಿನದ ಮೇಲೆ, ಬಿಟ್ಟುಹೋದ ಶಾಟುಗಳನ್ನು ಖಾಲಿ ಮೈದಾನದಲ್ಲಿ ನಲವತ್ತು ಜನರನ್ನು ಒತ್ತೊತ್ತಾಗಿ ಕೂರಿಸಿ ಮತ್ತೆ ತೆಗೆದಿದ್ದರು. ಅಷ್ಟರಲ್ಲಿ ನಾಯಕ ಮಹಾಶಯ ಹೋಗಿ ಕ್ಷೌರ ಮಾಡಿಸಿಕೊಂಡು ಬಂದಿದ್ದ. ಹಾಗಾಗಿ ಒಂದೇ ಹಾಡಿನೊಳಗೆ ಅವನ ಕೂದಲು ಮೂರು ಸಲ ಬೆಳೆದು ಮೂರು ಸಲ ಕುಗ್ಗುತ್ತಿತ್ತು. ಕತ್ತರಿ ಅಕ್ಕ ಬೈದುಕೊಳ್ಳುತ್ತಲೇ ಅವನ ತಲೆಯ ಮುಂದೆ ಯಾರದೋ ಎತ್ತಿದ ಕೈ, ಯಾರದೋ ಟೋಪಿ, ಹೆಗಲ ಮೇಲೆ ಕೂತ ಯಾರದೋ ಮಗು ತಂದು ಅಡ್ಡ ಇಟ್ಟು ಮುಚ್ಚಿದಳು. ಮೊದಲ ಸಂಜೆಯ ಚಪ್ಪಾಳೆಯನ್ನು ಎರಡನೇ ಸಂಜೆಗೆ ಕೊಟ್ಟಳು. ನಾಯಕಿ ನಕ್ಕಿದ್ದು ನಿಜವಾಗಿ ಮುಂದಿನ ಸಾಲಿನ ಮುದುಕನೊಬ್ಬ ಕುರ್ಚಿಯಿಂದ ಜಾರಿದ್ದನ್ನು ನೋಡಿ. ಆ ನಗುವನ್ನು ಎತ್ತಿ ನಾಯಕನ ಮಾತಿನ ಮುಂದೆ ಇಟ್ಟಳು. ಹೀಗೆ ಕದ್ದು, ತೇಪೆ ಹಚ್ಚಿ, ಎರಡು ಸಂಜೆಗಳನ್ನು ದಡ ಸೇರಿಸಿದ್ದಳು. ಕೆಲಸ ಹಿಡಿಸುವಂತಿದ್ದರೆ ಅವಳಿಗೆ ಹಸಿವೆ ನೀರಡಿಕೆ ನೆನಪಾಗುತ್ತಿರಲಿಲ್ಲ. ಈ ಕೆಲಸ ಹಿಡಿಸಿತ್ತು.

ಆದರೆ ಮೂರನೇ ಸಂಜೆಯ ಕೊನೆಯ ಹಾಡಿನ ಹತ್ತಿರ ಬಂದು ಗಾಡಿ ನಿಂತಿತ್ತು. ನಿಲ್ಲಲು ಕಾರಣ ತೇಪೆಯಲ್ಲ, ಮನೆ. ಯಾಕೆಂದರೆ ಆ ಹಿರಿಯ ಹಾಡುಗಾರ್ತಿ ಕತ್ತರಿ ಅಕ್ಕನ ಅತ್ತೆ. ಮೂರೂ ಸಂಜೆ ಸೌಂಡ್ ಬೋರ್ಡಿನ ಮುಂದೆ ಕೂತಿದ್ದವನು ಕತ್ತರಿ ಅಕ್ಕನ ಗಂಡ.

ಅತ್ತೆಗೆ ಎಪ್ಪತ್ನಾಲ್ಕು. ಹದಿನೇಳನೇ ವಯಸ್ಸಿನಿಂದ ವೇದಿಕೆ ಹತ್ತಿದವಳು. ಕೊನೆಯ ಹಾಡು ಅವಳು ಹಾಡಿದ್ದರಲ್ಲೆಲ್ಲ ಜನಕ್ಕೆ ತೀರ ಹತ್ತಿರದ್ದು, ನಲವತ್ತು ವರ್ಷದಿಂದ ಅದಿಲ್ಲದೆ ಅವಳ ಕಛೇರಿ ಮುಗಿದದ್ದಿಲ್ಲ. ಮೂರು ಚರಣ. ಮೂರನೇ ಸಂಜೆ ಎರಡು ಚರಣ ಹಾಡಿದಳು, ನಡುವಿನ ವಾದ್ಯದ ತುಣುಕು ಮುಗಿಯಿತು, ಬಾಯಿ ತೆರೆದಳು. ಮಾತು ಬರಲಿಲ್ಲ. ವಾದ್ಯದವರು ಏನೋ ಯಡವಟ್ಟಾಯಿತೆಂದು ಅದೇ ತುಣುಕನ್ನು ಇನ್ನೊಂದು ಸುತ್ತು ನುಡಿಸಿದರು. ಆಗಲೂ ಬರಲಿಲ್ಲ. ಆಗ ಕತ್ತಲಲ್ಲಿ ಕೂತಿದ್ದ ಜನರಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಹಾಡತೊಡಗಿ, ಎರಡನೇ ಸಾಲಿಗೆ ಇಡೀ ಮೈದಾನ ಹಾಡಿತು. ಬಿಸಿಲಲ್ಲಿ ಬಂದವನೇ, ಇನ್ನೊಂದು ಗಳಿಗೆ ಕೂರು ಎಂದು ಶುರುವಾಗುವ ಚರಣ ಅದು. ಪೂರ್ತಿ ಜನರೇ ಹಾಡಿದರು. ಅತ್ತೆ ಪಲ್ಲವಿಗೆ ಬಂದು ಸೇರಿಕೊಂಡು, ಹಾಡು ಮುಗಿಸಿ, ತಲೆ ಬಾಗಿಸಿ ಒಳಗೆ ಹೋದಳು.

ಅಂದಿನಿಂದ ಬೆಳಗಿನ ಅಭ್ಯಾಸ ನಿಂತಿತು. ಐವತ್ತೇಳು ವರ್ಷ ಆರು ಗಂಟೆಗೆ ಸರಿಯಾಗಿ ಶ್ರುತಿ ಹಿಡಿದು ಕೂರುತ್ತಿದ್ದ ಹೆಂಗಸು, ಈಗ ಆರು ಗಂಟೆಗೆ ಎದ್ದು ಬಾಲ್ಕನಿಯ ಗಿಡಗಳಿಗೆ ನೀರು ಹಾಕುತ್ತಿದ್ದಳು. ಗಂಟಲಿಗೆ ವಿಶ್ರಾಂತಿ ಬೇಕು ಎಂದಳು. ಎರಡೂವರೆ ತಿಂಗಳಾದರೂ ಆ ವಿಶ್ರಾಂತಿ ಮುಗಿದಿರಲಿಲ್ಲ. ಮಗನಂತೂ ಮನೆಯಲ್ಲಿ ಆ ಸಂಜೆಯ ಸುದ್ದಿಯೇ ಎತ್ತಬಾರದೆಂದು ಹೆಂಡತಿಯ ಹತ್ತಿರ ಮಾತು ತೆಗೆದುಕೊಂಡಿದ್ದ. ಕಛೇರಿಯ ಮರುದಿನದ ಪತ್ರಿಕೆಯನ್ನು ಅಮ್ಮ ಏಳುವ ಮೊದಲೇ ಮಡಚಿ ತನ್ನ ಬ್ಯಾಗಿಗೆ ಹಾಕಿಕೊಂಡಿದ್ದ. ನೋಡಲು ಬಂದವರನ್ನು ಅಮ್ಮನಿಗೆ ತಲೆನೋವು ಎಂದು ಬಾಗಿಲಲ್ಲೇ ಸಾಗಹಾಕಿದ್ದ. ಐವತ್ತೆರಡು ವರ್ಷದ ಮಗ ತಾಯಿಯನ್ನು ಹೀಗೆ ಅಂಗೈಯಲ್ಲಿಟ್ಟು ಕಾಯುವುದನ್ನು ನೋಡಿ ಕತ್ತರಿ ಅಕ್ಕನಿಗೆ ಪ್ರೀತಿಯೂ ಬರುತ್ತಿತ್ತು, ತಲೆಯ ಮೇಲೆ ಮೊಟಕಬೇಕು ಅಂತಲೂ ಅನ್ನಿಸುತ್ತಿತ್ತು.

ಈಗ ಫಜೀತಿ ಏನೆಂದರೆ, ನಾಯಕ ಇಡೀ ಸಿನಿಮಾದಲ್ಲಿ ನಿಜವಾಗಿ ಪ್ರೀತಿಸಿದ್ದು ಹನ್ನೊಂದು ಸೆಕೆಂಡು. ಆ ಹನ್ನೊಂದು ಸೆಕೆಂಡು ಸರಿಯಾಗಿ ಈ ಮೂರನೇ ಚರಣದ ಮೇಲೆ ಬಂದು ಕೂತಿತ್ತು.

ವಾದ್ಯದ ತುಣುಕು ಎರಡನೇ ಸುತ್ತು ಮುಗಿದು ಮೈದಾನ ಉಸಿರು ಬಿಗಿಹಿಡಿದಿದೆ. ಚಿತ್ರಕಥೆಯ ಪ್ರಕಾರ ನಾಯಕಿ ಕಣ್ಣಲ್ಲಿ ನೀರು ತುಂಬಿಕೊಂಡು ಸುಮ್ಮನೆ ನಿಂತಿರಬೇಕು. ಅವಳು ನಟನೆ ಮರೆತಳು. ಬಾಯಿ ತೆರೆದು ಹಾಡಿಬಿಟ್ಟಳು. ಅಲ್ಲಿ ಮೊದಲು ಹಾಡಿದವರಲ್ಲಿ ಅವಳೂ ಒಬ್ಬಳು. ಪಕ್ಕದಲ್ಲಿದ್ದ ನಾಯಕ ಬೆಚ್ಚಿ ತಿರುಗಿದ. ತಿರುಗಿದವನು ನೋಡಿಯೇ ನೋಡಿದ, ಕುರ್ಚಿಯ ಜಗಳ, ಕ್ಯಾಮೆರಾ, ಸಂಭಾಷಣೆ ಯಾವುದೂ ನೆನಪಿಲ್ಲದವನ ಹಾಗೆ. ಆ ಶಾಟು ಮೊದಲ ಸಲ ಕಣ್ಣಿಗೆ ಬಿದ್ದಾಗ ಕತ್ತರಿ ಅಕ್ಕ ಕೈಯಲ್ಲಿದ್ದ ಚಹಾ ಕೆಳಗಿಟ್ಟು, ಸೋಫಾದ ಮೇಲಿದ್ದ ನಿರ್ದೇಶಕನನ್ನು ಎಬ್ಬಿಸಿದ್ದಳು.

"ಏಳೋ. ನಿನ್ನ ಸಿನಿಮಾ ಇಲ್ಲಿದೆ."

ಅವನು ನೋಡಿದ, ಇನ್ನೊಂದು ಸಲ ನೋಡಿದ, ಆಮೇಲೆ ಮುಖ ಇಳಿಬಿಟ್ಟ. "ಅಮ್ಮಾವ್ರು ಇದನ್ನ ಇಡೋಕೆ ಬಿಡ್ತಾರಾ ಅಕ್ಕ?"

ಹಾಡುಗಾರ್ತಿ ಚಿತ್ರೀಕರಣಕ್ಕೆ ಒಪ್ಪಿದ್ದೇ ಒಂದು ಷರತ್ತಿನ ಮೇಲೆ: ಸಿದ್ಧವಾದ ಸಿನಿಮಾವನ್ನು ತಾನು ನೋಡಿ ಹೂಂ ಅಂದ ಮೇಲೇ ಅದು ಹೊರಗೆ ಹೋಗಬೇಕು. ಆ ನೋಡುವ ದಿನ ಬರುವ ಶುಕ್ರವಾರ. ಒಪ್ಪದಿದ್ದರೆ ಕೊನೆಯ ಹಾಡಿಲ್ಲ, ಕೊನೆಯ ಹಾಡಿಲ್ಲದೆ ಪ್ರೇಮವಿಲ್ಲ, ಪ್ರೇಮವಿಲ್ಲದೆ ಈ ಹುಡುಗನಿಗೆ ಸಿನಿಮಾವೇ ಇಲ್ಲ. ಕತ್ತರಿ ಅಕ್ಕನಿಗೆ ಅದಕ್ಕಿಂತ ಹೆಚ್ಚಿನ ಭಯ ಬೇರೆ ಇತ್ತು. ಮರೆತುಹೋದದ್ದನ್ನು ಗೋಡೆಯಗಲದ ಪರದೆಯ ಮೇಲೆ ನೋಡಿದರೆ ಅತ್ತೆ ಮತ್ತೆ ಹಾಡುವ ಮಾತೇ ಎತ್ತದೆ ಹೋಗಬಹುದು. ಅತ್ತೆಯ ಹಾಡಿಲ್ಲದ ಮನೆ ಅವಳಿಗೆ ಒಗ್ಗಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಬೆಳಗಿನ ನಿದ್ದೆ ಹಾಳಾಗುತ್ತದೆಂದು ಗೊಣಗಿದವಳೇ ಈಗ ಆರು ಗಂಟೆಗೆ ತಾನಾಗಿ ಎಚ್ಚರವಾಗಿ, ಏನೂ ಕೇಳಿಸದೆ ಮಗ್ಗುಲು ಬದಲಿಸುತ್ತಿದ್ದಳು.

ಗಂಡ ಒಂದು ದಾರಿ ಹುಡುಕಿದ. ಅವನ ದಾರಿಗಳೆಲ್ಲ ಮುಚ್ಚುವ ದಾರಿಗಳೇ. ಮೊದಲ ಸಂಜೆ ಅಮ್ಮ ಅದೇ ಹಾಡನ್ನು ಪೂರ್ತಿ ಹಾಡಿದ್ದಳು. ಆ ಮೂರನೇ ಚರಣವನ್ನು ಅಲ್ಲಿಂದ ಬಿಡಿಸಿ ತಂದು ಮೂರನೇ ಸಂಜೆಯ ಬಾಯಿಗೆ ಕೂರಿಸಿದ. ಎರಡು ದಿನ ಊಟಕ್ಕೂ ಏಳದೆ ಕೂತು, ಮೈದಾನದ ಗಾಳಿಯ ಸದ್ದು ಸಹ ಹೊಂದುವ ಹಾಗೆ ಮಾಡಿದ. ಹೊರಗಿನವರು ಯಾರೂ ಹಿಡಿಯಲಾರದಷ್ಟು ನಾಜೂಕಿನ ಕೆಲಸ. ಚಿತ್ರದಲ್ಲಿ ಅಮ್ಮನ ಮುಖ ತೋರಿಸದೆ ಬೆನ್ನು, ದೀಪ, ತಬ್ಬಲಿ ಮೈಕು, ವಾದ್ಯದವರ ಬೆರಳು ತೋರಿಸಿದರೆ ಮುಗಿಯಿತು.

"ಈಗ ನೋಡು," ಎಂದ.

ಕತ್ತರಿ ಅಕ್ಕ ನೋಡಿದಳು. ಅತ್ತೆಯ ದನಿ ಹಾಯಾಗಿ ಹರಿದುಬಂತು. ನಾಯಕಿ ಹಾಡಿದಳು, ನಾಯಕ ತಟ್ಟನೆ ತಿರುಗಿದ.

"ಇವನು ಯಾಕ್ರೀ ತಿರುಗ್ತಾನೆ?"

"ಅವಳನ್ನ ನೋಡೋಕೆ."

"ಅವಳು ಹಾಡಿದ್ದು ಇವನಿಗೆ ಹೇಗೆ ಕೇಳಿಸ್ತು? ಅತ್ತೆ ಹಾಡ್ತಿದಾರೆ, ಊರೇ ಅವರ ಜೊತೆ ಗುನುಗ್ತಿದೆ. ಅಷ್ಟರಲ್ಲಿ ಇವನೊಬ್ಬ ಬೆಚ್ಚಿ ಬೀಳೋದು ಯಾಕೆ? ಸೊಳ್ಳೆ ಹುಡುಕ್ತಿದಾನೆ ಅಂದ್ಕೋತಾರೆ ಜನ."

ಗಂಡ ಇನ್ನೊಂದು ಸಲ ನೋಡಿದ. ನಿಜವಾಗಿಯೂ ಸೊಳ್ಳೆ ಹುಡುಕುವವನ ಹಾಗೆಯೇ ಕಾಣುತ್ತಿತ್ತು. ಎಲ್ಲರೂ ಸುಮ್ಮನಿದ್ದಾಗ ಒಬ್ಬಳು ಹಾಡಿದ್ದರಿಂದ ಹುಟ್ಟಿದ ನೋಟ ಅದು. ಆ ಸುಮ್ಮನಿರುವುದನ್ನು ತೆಗೆದರೆ ನೋಟಕ್ಕೆ ಅರ್ಥ ಉಳಿಯುತ್ತಿರಲಿಲ್ಲ.

"ಹಾಗಾದ್ರೆ ಆ ಶಾಟು ಬಿಡು," ಎಂದ.

"ಬಿಡೋದಾದ್ರೆ ಸಿನಿಮಾನೇ ಬಿಡಬೇಕು. ಅತ್ತೇನ ಒಂದು ಮಾತು ಕೇಳೋಣ ರೀ."

"ಬೇಡ."

"ಅವರೇನು ಗಾಜಿನ ಗೊಂಬೆನಾ?"

"ನೀನು ಅವತ್ತು ಅವಳ ಮುಖ ಹತ್ತಿರದಿಂದ ನೋಡಲಿಲ್ಲ. ನಾನು ನೋಡಿದೀನಿ. ಕಾರಲ್ಲಿ ಮನೆಗೆ ಬರೋವರೆಗೂ ಒಂದು ಮಾತಾಡಲಿಲ್ಲ. ಬೇಡ ಅಂದ್ರೆ ಬೇಡ." ಅಷ್ಟು ಹೇಳಿ ಅವನು ವೈರು ಸುತ್ತತೊಡಗಿದ. ಮಾತು ಸಾಕು ಅನ್ನಿಸಿದಾಗೆಲ್ಲ ವೈರು ಸುತ್ತುವುದು ಅವನ ಪದ್ಧತಿ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಕತ್ತರಿ ಅಕ್ಕ ಎಷ್ಟು ವೈರು ಸುತ್ತಿಸಿದ್ದಳೋ ಲೆಕ್ಕವಿಲ್ಲ.

ಕೊನೆಗೆ ಅವಳು ಎರಡು ಪ್ರತಿ ಸಿದ್ಧಮಾಡಿದಳು. ಒಂದು ಮುಚ್ಚಿದ್ದು, ಒಂದು ತೆರೆದದ್ದು. ಶುಕ್ರವಾರ ಮುಚ್ಚಿದ್ದನ್ನೇ ತೋರಿಸುವುದೆಂದು ಗಂಡನಿಗೆ ಮಾತು ಕೊಟ್ಟಳು. ತೆರೆದದ್ದನ್ನು ಅಳಿಸುತ್ತೇನೆಂದು ಮಾತ್ರ ಹೇಳಲಿಲ್ಲ. ಅವನೂ ಕೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಅತ್ತೆ ಮಗನ ತೋಳು ಹಿಡಿದು ಎರಡು ಮಹಡಿ ಹತ್ತಿ ಬಂದಳು. ಮೊಣಕಾಲನ್ನೂ ಮೆಟ್ಟಿಲನ್ನೂ ಸೇರಿಸಿ ಶಪಿಸಿದಳು. ನಿರ್ದೇಶಕ ಸೋಫಾದ ಹಳ್ಳಕ್ಕೆ ಎರಡು ದಿಂಬು ತುಂಬಿ, ಮೇಲೆ ಹೊಸ ಬಟ್ಟೆ ಹಾಸಿ, ತಾನು ಬಾಗಿಲ ಬಳಿ ನೆಟ್ಟಗೆ ನಿಂತಿದ್ದ.

"ಕೂತ್ಕೋ ಮಗು, ಪರೀಕ್ಷೆ ನಿನಗಲ್ಲ," ಎಂದಳು ಅತ್ತೆ. ಪರೀಕ್ಷೆ ಅವನಿಗೇ ಆಗಿತ್ತು. ಕೂತನೇನೋ, ಬೆನ್ನು ಮಾತ್ರ ಕುರ್ಚಿಗೆ ತಾಗಲಿಲ್ಲ.

ಸಿನಿಮಾ ಶುರುವಾಯಿತು. ಅತ್ತೆ ಚೆನ್ನಾಗಿ ನೋಡುವವಳು. ತನ್ನ ಹಾಡು ಬಂದಾಗ ಕಣ್ಣು ಮುಚ್ಚಿ ಕೇಳಿದಳು, ಪ್ರೇಮಿಗಳು ಬಂದಾಗ ಕಣ್ಣು ತೆರೆದಳು. "ಈ ಹುಡುಗನ ಕೂದಲಿಗೆ ಏನಾಗಿದೆ?" ಎಂದು ಒಂದು ಸಲ ಕೇಳಿದಳು. ಕತ್ತರಿ ಅಕ್ಕ ಸದ್ದು ಸ್ವಲ್ಪ ಏರಿಸಿದಳು. ಎರಡನೇ ಸಂಜೆ ನಾಯಕಿ ನಕ್ಕಾಗ ತಾನೂ ನಕ್ಕಳು. ನಿರ್ದೇಶಕನ ಬೆನ್ನು ಕುರ್ಚಿಗೆ ಸ್ವಲ್ಪ ತಾಗಿತು.

ಕೊನೆಯ ಹಾಡು ಬಂತು. ಮೊದಲ ಚರಣ, ಎರಡನೇ ಚರಣ. ವಾದ್ಯದ ತುಣುಕು ಒಂದೇ ಸುತ್ತಿಗೆ ಮುಗಿದು, ಮೂರನೇ ಚರಣ ತುಂಬು ದನಿಯಲ್ಲಿ ಹೊರಟಿತು. ಕತ್ತರಿ ಅಕ್ಕ ಪರದೆ ನೋಡಲಿಲ್ಲ, ಅತ್ತೆಯನ್ನು ನೋಡಿದಳು. ಎರಡನೇ ಸಾಲಿಗೆ ಅತ್ತೆ ಕಣ್ಣು ಬಿಟ್ಟಳು.

"ನಿಲ್ಲಿಸು."

ಕತ್ತರಿ ಅಕ್ಕ ನಿಲ್ಲಿಸಿದಳು.

"ಇದು ಮೊದಲನೇ ದಿನದ್ದು," ಎಂದಳು ಅತ್ತೆ. "ಅವತ್ತು ಮೂಗು ಕಟ್ಟಿತ್ತು. 'ಗಳಿಗೆ' ಅನ್ನೋ ಮುಂಚೆ ಉಸಿರು ತಗೊಂಡಿದೀನಿ. ನಾನು ಅಲ್ಲಿ ಯಾವತ್ತೂ ಉಸಿರು ತಗೊಳ್ಳೋದಿಲ್ಲ."

ಎರಡು ದಿನ ಊಟ ಬಿಟ್ಟು ಮಾಡಿದ ಕೆಲಸ ಒಂದು ಉಸಿರಿಗೆ ಸಿಕ್ಕಿಬಿದ್ದಿತ್ತು. ಮಗ ಅಲ್ಲಿ ಇಲ್ಲಿ ನೋಡಿದ. ಸುತ್ತಲು ವೈರೂ ಇರಲಿಲ್ಲ.

"ಮೂರನೇ ದಿನ ನನಗೆ ಮರೆತುಹೋಯ್ತು. ಇದನ್ನ ಹೇಳೋಕೆ ನಿಮಗೆಲ್ಲ ಇಷ್ಟು ಕಷ್ಟ ಯಾಕೆ?" ಎಂದು ಅತ್ತೆ ಮುಂದುವರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಎಪ್ಪತ್ನಾಲ್ಕಕ್ಕೆ ಮರೆಯೋದು ತಪ್ಪಲ್ಲ. ಮರೆತದ್ದಕ್ಕೆ ನನಗೆ ಅಷ್ಟೇನೂ ಆಗಲಿಲ್ಲ. ಆದರೆ ಅಷ್ಟು ಜನ, ನಲವತ್ತು ವರ್ಷ ಕೇಳಿದ ಜನ, ಆ ಹಾಡು ಅವರಿಗೆ ಬಾಯಿಗೆ ಬರುತ್ತೆ ಅಂತ ನಾನು ನಂಬಿದ್ದೆ. ಒಬ್ಬರಾದ್ರೂ ಒಂದು ಪದ ಎತ್ತಿಕೊಡ್ತಾರೆ ಅಂತ ಕಾದೆ. ಒಂದು ಚರಣದಷ್ಟು ಹೊತ್ತು ಎಲ್ಲರೂ ಸುಮ್ಮನೆ ಕೂತು ನನ್ನನ್ನ ನೋಡಿದರು. ಆಮೇಲೆ ಪಾಪ ಅಂತ ಚಪ್ಪಾಳೆ ತಟ್ಟಿದರು. ಅದಾದ ಮೇಲೆ ಯಾರಿಗೋಸ್ಕರ ಹಾಡಲಿ?"

ಕೆಳಗಿನ ಅಂಗಡಿಯಲ್ಲಿ ಬೀಗದ ಕೈ ಉಜ್ಜುವುದು ಕೇಳಿಸುತ್ತಿತ್ತು.

"ಸುಮ್ಮನೆ ಕೂತಿದ್ರಾ?" ಎಂದಳು ಕತ್ತರಿ ಅಕ್ಕ. ತಾನು ಕೇಳಿಸಿಕೊಂಡದ್ದು ಸರಿಯೋ ತಪ್ಪೋ ಅವಳಿಗೆ ತಿಳಿಯಲಿಲ್ಲ. "ಅತ್ತೆ, ಅವರು ಸುಮ್ಮನೆ ಕೂರಲಿಲ್ಲ. ಹಾಡಿದರು. ಪೂರ್ತಿ ಚರಣ ಹಾಡಿದರು. ನಿಮಗೆ ಗೊತ್ತಿಲ್ವಾ?"

"ಯಾರು ಹಾಡಿದ್ದು?"

"ಎಲ್ಲರೂ. ಇಡೀ ಮೈದಾನ."

ಅತ್ತೆ ಸೊಸೆಯ ಮುಖ ನೋಡಿದಳು. ತನ್ನನ್ನು ಸಮಾಧಾನ ಮಾಡಲು ಕಟ್ಟಿದ ಮಾತು ಎಂದುಕೊಂಡಳೋ ಏನೋ, ತಿರುಗಿ ಮಗನನ್ನು ನೋಡಿದಳು. ಅವನಿಗೆ ಎಲ್ಲ ಒಟ್ಟಿಗೆ ಹೊಳೆದಿತ್ತು.

ವೇದಿಕೆಯ ಮೇಲೆ ಅತ್ತೆಯ ಎರಡೂ ಕಿವಿಗೆ ಬಿರಡೆಯ ಹಾಗಿನ ಪುಟ್ಟ ಇಯರ್‌ಫೋನು ಹಾಕುತ್ತಿದ್ದರು. ಅವಳ ಕಿವಿಯ ಅಳತೆಗೇ ಅಚ್ಚು ಹಾಕಿ ಮಾಡಿಸಿದ್ದು, ಒಳಗೆ ಕೂತರೆ ಹೊರಗಿನ ಸದ್ದು ಸುಳಿಯುತ್ತಿರಲಿಲ್ಲ. ಅದರೊಳಗೆ ಏನು ಕೇಳಿಸಬೇಕೆಂದು ಬೋರ್ಡಿನ ಮುಂದೆ ಕೂತ ಮಗ ತೀರ್ಮಾನಿಸುತ್ತಿದ್ದ: ಶ್ರುತಿ, ವಾದ್ಯ, ಅವಳದೇ ದನಿ. ಜನರ ಗದ್ದಲ ಬಂದರೆ ಶ್ರುತಿ ಕೆಡುತ್ತದೆ, ಅದನ್ನು ನನ್ನ ಕಿವಿಗೆ ಬಿಡಬೇಡ ಎಂದು ಅವಳೇ ಎಷ್ಟೋ ವರ್ಷದ ಹಿಂದೆ ಹೇಳಿದ್ದಳು. ಹೇಳಿದ್ದನ್ನು ಮೀರುವ ಮಗನಲ್ಲ ಅವನು. ಮೈದಾನದ ಸುತ್ತ ಕಟ್ಟಿದ ಆರು ಮೈಕುಗಳು ಜನರ ಹಾಡನ್ನೆಲ್ಲ ಸಿನಿಮಾಕ್ಕೆಂದು ಹಿಡಿದಿಟ್ಟಿದ್ದವು. ಅದರಲ್ಲಿ ಒಂದು ಪದವೂ ಅವಳ ಕಿವಿಗೆ ಹೋಗಿರಲಿಲ್ಲ. ಕಣ್ಣಿಗೆ ದೀಪದ ಬೆಳಕು ಹೊಡೆಯುತ್ತಿತ್ತು, ವೇದಿಕೆಯ ಮೇಲೆ ಕನ್ನಡಕ ಹಾಕುವವಳೂ ಅಲ್ಲ. ಅವಳ ಪಾಲಿಗೆ ಆ ಒಂದು ಚರಣದ ಹೊತ್ತು ಕತ್ತಲು ಮತ್ತು ವಾದ್ಯ, ಅಷ್ಟೇ. ಒಳಗೆ ಹೋಗಿ ಬಿರಡೆ ತೆಗೆದಾಗ ಕೇಳಿಸಿದ್ದು ಬರೀ ಚಪ್ಪಾಳೆ.

"ಕೈ ಕಿವಿಗೆ ಹೋಯ್ತು," ಎಂದಳು ಅತ್ತೆ ನಿಧಾನವಾಗಿ. "ಅದನ್ನ ಕಿತ್ತು ಹಾಕಿಬಿಡೋಣ ಅನ್ನಿಸ್ತು. ಧೈರ್ಯ ಬರಲಿಲ್ಲ. ತೆಗೆದರೆ ಜನ ನಗೋದು ಕೇಳಿಸುತ್ತೆ ಅಂದ್ಕೊಂಡೆ."

ಅತ್ತೆಯ ಕೈ ಎರಡು ಸಲ ಕಿವಿಗೆ ಹೋಗುವುದನ್ನು ಕತ್ತರಿ ಅಕ್ಕ ಪರದೆಯ ಮೇಲೆ ನೂರು ಸಲವಾದರೂ ನೋಡಿದ್ದಳು. ಗಾಬರಿಗೆ ಹಾಗೆ ಮಾಡುತ್ತಾರೆ ಎಂದುಕೊಂಡು ಮುಂದಿನ ಶಾಟಿಗೆ ಹೋಗಿದ್ದಳು. ಜನರ ಕೈ ಯಾಕೆ ಎಲ್ಲಿಗೆ ಹೋಗುತ್ತದೆಂದು ಹೇಳಿಯೇ ಅನ್ನ ತಿನ್ನುವವಳಿಗೆ ಇದು ತಿಳಿಯದೆ ಹೋದದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಗಂಡ ಬ್ಯಾಗಿನಲ್ಲಿ ಬಚ್ಚಿಟ್ಟ ಆ ಪತ್ರಿಕೆಯ ಮೊದಲ ಪುಟದಲ್ಲಿ, ಮೈದಾನವೇ ಹಾಡಿತು ಎಂದು ದಪ್ಪ ಅಕ್ಷರದಲ್ಲಿತ್ತು. ಬಾಗಿಲಿಗೆ ಬಂದು ಹಿಂದಿರುಗಿದವರೆಲ್ಲ ಹೇಳಲು ಬಂದಿದ್ದೂ ಅದನ್ನೇ. ಅಮ್ಮನಿಗೆ ನೋವಾಗದಿರಲೆಂದು ಇಡೀ ಮನೆ ತುಟಿ ಹೊಲಿದುಕೊಂಡು, ಅವಳಿಗೆ ಸಿಗಬೇಕಾದ ಒಂದೇ ಒಂದು ಸುದ್ದಿಯನ್ನು ಎರಡೂವರೆ ತಿಂಗಳು ಬಾಗಿಲ ಹೊರಗೆ ನಿಲ್ಲಿಸಿತ್ತು.

"ತೆರೆದದ್ದು ನನ್ನ ಹತ್ರ ಇದೆ ಅತ್ತೆ. ಹಾಕ್ತೀನಿ," ಎಂದು ಅವಳು ಸ್ಪೀಕರಿನ ಕಡೆ ಕೈ ಚಾಚಿದಳು.

"ತಡಿ," ಎಂದ ಗಂಡ. "ಸ್ಪೀಕರಲ್ಲಿ ಬೇಡ."

ದಡದಡನೆ ಮೆಟ್ಟಿಲು ಇಳಿದು ಕಾರಿನಿಂದ ಒಂದು ಪುಟ್ಟ ಡಬ್ಬಿ ತಂದ. ಅಮ್ಮನ ಮುಂದೆ ನೆಲದ ಮೇಲೆ ಮಂಡಿಯೂರಿ, ಡಬ್ಬಿಯಿಂದ ಬಿರಡೆ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಒಂದೊಂದೇ ಕಿವಿಗೆ ಕೂರಿಸಿದ. ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿ, ವಾದ್ಯವನ್ನೆಲ್ಲ ಇಳಿಸಿ, ಆರು ಮೈಕುಗಳ ಸದ್ದನ್ನಷ್ಟೇ ಮೇಲಕ್ಕೆತ್ತಿದ. ಹೆಂಡತಿಯ ಕಡೆ ತಲೆ ಆಡಿಸಿದ.

ಕತ್ತರಿ ಅಕ್ಕ ಗುಂಡಿ ಒತ್ತಿದಳು.

ಕೋಣೆಯಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ಪರದೆಯ ಮೇಲೆ ಅತ್ತೆ ಬಾಯಿ ತೆರೆದು ನಿಂತಿದ್ದಳು. ಕೈ ಕಿವಿಗೆ ಹೋಯಿತು. ನಾಯಕಿಯ ತುಟಿ ಅಲುಗಿತು. ನಾಯಕ ತಿರುಗಿ ನೋಡಿದ. ಮುಂದಿನ ಸಾಲು, ಅದರ ಹಿಂದಿನ ಸಾಲು, ಕೊನೆಗೆ ಬೆಳಕು ತಲುಪಿದಷ್ಟು ದೂರ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಸೋಫಾದ ಮೇಲೆ ಕೂತ ಅತ್ತೆ ಮೊದಲು ಏನೂ ಆಗದವಳ ಹಾಗೆ ನೋಡುತ್ತಿದ್ದಳು. ಆಮೇಲೆ ಅವಳ ಗಲ್ಲ ನಡುಗಿತು. ಎರಡೂ ಅಂಗೈಗಳಿಂದ ಕಿವಿಗಳನ್ನು ಒತ್ತಿ ಹಿಡಿದುಕೊಂಡಳು, ಒಂದು ಸದ್ದೂ ಹೊರಗೆ ಸೋರಬಾರದು ಎಂಬಂತೆ.

"ಶ್ರುತಿ ಇಲ್ಲ," ಎಂದಳು. ಕಿವಿ ಮುಚ್ಚಿದ್ದರಿಂದ ದನಿ ಕೆಳಗಿನ ಅಂಗಡಿಗೂ ಕೇಳಿಸುವಷ್ಟು ಜೋರಾಗಿ ಬಂತು. "ಒಬ್ಬರಿಗೂ ಶ್ರುತಿ ಇಲ್ಲ. ಎಷ್ಟು ಜನ ಇದಾರೆ."

ನಿರ್ದೇಶಕ ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡ. ಪರದೆಯ ಮೇಲೆ ಕ್ಯಾಮೆರಾ ಜನರನ್ನು ದಾಟಿ ಮೈದಾನದ ಹಿಂಬದಿಗೆ ತಿರುಗಿ, ಸೌಂಡ್ ಬೋರ್ಡಿನ ಡೇರೆಯ ಮೇಲೆ ಒಂದು ಕ್ಷಣ ನಿಂತಿತು. ಅಲ್ಲಿ ಮಗ ಬೋರ್ಡಿನಿಂದ ಎರಡೂ ಕೈ ತೆಗೆದು ಎದ್ದು ನಿಂತಿದ್ದ. ಕೆನ್ನೆಯ ಮೇಲೆ ನೀರು, ಬಾಯಿ ಅಗಲಕ್ಕೆ ತೆರೆದಿತ್ತು. ಅವನೂ ಹಾಡುತ್ತಿದ್ದ.

ಅತ್ತೆ ಪರದೆ ನೋಡಿದಳು, ನೆಲದ ಮೇಲೆ ಕೂತ ಮಗನನ್ನು ನೋಡಿದಳು. "ನೀನೂ?"

"ಹೂಂ ಅಮ್ಮ. ಹಾಡ್ತಾ ನಿಂತುಬಿಟ್ಟೆ. ನಿನ್ನ ಕಿವಿಗೆ ಬಿಡಬೇಕು ಅನ್ನೋದು ನೆನಪೇ ಆಗಲಿಲ್ಲ."

ಕಿವಿಯಲ್ಲಿ ಬಿರಡೆ ಇದ್ದದ್ದರಿಂದ ಅವಳಿಗೆ ಇದು ಕೇಳಿಸಲಿಲ್ಲ. ಕೇಳಿಸಬೇಕಾದ ಅಗತ್ಯವೂ ಇರಲಿಲ್ಲ. ಅವನ ತಲೆಯ ಮೇಲೆ ಕೈ ಇಟ್ಟು ಪರದೆಯನ್ನು ನೋಡುತ್ತಲೇ ಇದ್ದಳು. ಚರಣ ಮುಗಿಯಿತು. ಪರದೆಯ ಮೇಲಿನ ಹಾಡುಗಾರ್ತಿ ಪಲ್ಲವಿಗೆ ಸೇರಿಕೊಂಡಳು, ನಾಯಕಿ ನಾಯಕನ ಕೈ ಹಿಡಿದಳು.

ಕತ್ತರಿ ಅಕ್ಕ ಚಿತ್ರ ನಿಲ್ಲಿಸಿದಳು. ನಿರ್ದೇಶಕನಿಗೆ ತಡೆಯಲಾಗಲಿಲ್ಲ. "ಅಮ್ಮಾವ್ರೇ, ಯಾವುದನ್ನ ಇಡೋಣ?" ಎಂದು ಕೇಳಿ, ಕೇಳಿಸದೆಂದು ನೆನಪಾಗಿ, ಕೈಸನ್ನೆಯಲ್ಲಿ ಬಾಯಿ ಮುಚ್ಚಿ ತೋರಿಸಿದ, ತೆರೆದು ತೋರಿಸಿದ.

"ತೆರೆದದ್ದೇ ಇರಲಿ," ಎಂದಳು ಅತ್ತೆ ಅದೇ ದೊಡ್ಡ ದನಿಯಲ್ಲಿ. "ನಾನು ಬಾಯಿ ಬಿಟ್ಟುಕೊಂಡು ನಿಂತಿರೋದೂ ಇರಲಿ. ಇಲ್ಲದಿದ್ರೆ ಅವರೆಲ್ಲ ಯಾಕೆ ಹಾಡಿದರು ಅಂತ ನೋಡೋರಿಗೆ ಹೇಗೆ ಗೊತ್ತಾಗಬೇಕು?"

ಮಗ ಬಿರಡೆ ತೆಗೆಯಲು ಕೈ ಚಾಚಿದ. ಅವಳು ಅವನ ಕೈಯನ್ನು ಪಕ್ಕಕ್ಕೆ ಸರಿಸಿದಳು.

"ಹಿಂದಕ್ಕೆ ತಗೋ ಮಗಳೇ," ಎಂದು ಸೊಸೆಗೆ ಹೇಳಿದಳು. "ಮೊದಲ ಸಾಲು ಅಳ್ತಾ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ."

ಕತ್ತರಿ ಅಕ್ಕ ಚಿತ್ರವನ್ನು ಚರಣದ ಮೊದಲಿಗೆ ತಂದು ಮತ್ತೆ ಗುಂಡಿ ಒತ್ತಿದಳು.